‘ವಯಸ್ಸಾಯ್ತು, ಬಿಡಿ’ ಎನ್ನುವ ಮುನ್ನ: ಮುದಿ ನಾಯಿಯ ಬೆನ್ನು ಮತ್ತು ಹಿಂಗಾಲಿನ ತೊಂದರೆಗಳು

ಗೇಟಿನ ಸದ್ದಾದರೆ ಸಾಕು, ಓಡಿಬರುತ್ತಿದ್ದ ನಾಯಿ ಈಗ ಮಲಗಿದ್ದಲ್ಲಿಂದಲೇ ಬಾಲ ಆಡಿಸುತ್ತದೆ. ಸೋಫಾದ ಮುಂದೆ ನಿಂತು ನಮ್ಮ ಮುಖ ನೋಡುತ್ತದೆ, ಹತ್ತುವುದಿಲ್ಲ. ಮೆಟ್ಟಿಲ ಬಳಿ ಬಂದು ಹಿಂದೆ ಸರಿಯುತ್ತದೆ. ಇದನ್ನು ನೋಡಿ ಮನೆಯಲ್ಲಿ ಯಾರಾದರೊಬ್ಬರು ಹೇಳುತ್ತಾರೆ: “ವಯಸ್ಸಾಯ್ತು, ಬಿಡಿ. ಇನ್ನೇನು ಮಾಡೋಕಾಗುತ್ತೆ?”

ವಯಸ್ಸಾಗಿರುವುದು ನಿಜ. ಆದರೆ ವಯಸ್ಸು ಒಂದು ಕಾಯಿಲೆಯ ಹೆಸರಲ್ಲ. ಮುದಿ ನಾಯಿ ಎದ್ದು ನಿಲ್ಲಲು ಕಷ್ಟಪಡುವುದಕ್ಕೆ ಹಲವು ಕಾರಣಗಳಿರುತ್ತವೆ. ಅವುಗಳಲ್ಲಿ ಮುಖ್ಯವಾದ ಮೂರು ಹೊರಗಿನಿಂದ ನೋಡಲು ಹೆಚ್ಚುಕಡಿಮೆ ಒಂದೇ ಥರ ಇವೆ. ಆದರೆ ಒಂದರಲ್ಲಿ ನಾಯಿಯನ್ನು ದಿನವೂ ನಡೆಸಬೇಕು, ಇನ್ನೊಂದರಲ್ಲಿ ನಡೆಸಲೇಬಾರದು. ಹಾಗಾಗಿ ಯಾವುದು ಎಂದು ತಿಳಿಯದೆ ಮಾಡುವ ಆರೈಕೆ ನಾಯಿಗೆ ಕೆಡುಕನ್ನೇ ಮಾಡಬಹುದು. ಅವು ಯಾವುವು, ಮನೆಯಲ್ಲಿ ನಾವು ಏನು ಮಾಡಬಹುದು, ಏನು ಮಾಡಬಾರದು ಎಂದು ಇಲ್ಲಿ ನೋಡೋಣ.

ಒಂದೇ ಕುಂಟು, ಮೂರು ಕಾರಣ

ಮೊದಲನೆಯದು ಕೀಲು ಸವೆತ, ಅಂದರೆ ಸಂಧಿವಾತ. ಸೊಂಟ, ಮಂಡಿ, ಮೊಣಕೈ ಕೀಲುಗಳ ಮೃದ್ವಸ್ಥಿ ಸವೆದು ಅಲ್ಲಿ ಉರಿಯೂತ ಆಗುತ್ತದೆ. ಇಂಥ ನಾಯಿ ಬೆಳಗ್ಗೆ ಏಳುವಾಗ ಬಿಗಿಯಾಗಿದ್ದು, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸ್ವಲ್ಪ ಸಲೀಸಾಗುತ್ತದೆ. ಚಳಿಗಾಲದಲ್ಲಿ ಹೆಚ್ಚು ಕಷ್ಟಪಡುತ್ತದೆ. ಲ್ಯಾಬ್ರಡಾರ್‌ನಂಥ ದೊಡ್ಡ ತಳಿಗಳಲ್ಲಿ ಇದು ಬಹಳ ಸಾಮಾನ್ಯ.

ಎರಡನೆಯದು ಡಿಸ್ಕ್ ತೊಂದರೆ. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಒಣಗಿ, ಉಬ್ಬಿ ಅಥವಾ ಒಡೆದು, ಪಕ್ಕದ ಬೆನ್ನುಹುರಿಯನ್ನು ಒತ್ತುತ್ತದೆ. ಸ್ವೀಡನ್ನಿನ ಪಶುವೈದ್ಯ ವಿಜ್ಞಾನಿ ಹ್ಯಾನ್ಸೆನ್ 1952ರಲ್ಲೇ ಇದರಲ್ಲಿ ಎರಡು ಬಗೆ ಗುರುತಿಸಿದ್ದರು. ಮೊದಲ ಬಗೆಯಲ್ಲಿ ಡಿಸ್ಕ್ ಇದ್ದಕ್ಕಿದ್ದಂತೆ ಒಡೆಯುತ್ತದೆ. ಡ್ಯಾಶ್‌ಹುಂಡ್‌ನಂಥ ಗಿಡ್ಡ ಕಾಲಿನ ತಳಿಗಳಲ್ಲಿ ನಡುವಯಸ್ಸಿನಲ್ಲೇ ಆಗುತ್ತದೆ. ಎರಡನೆಯ ಬಗೆಯಲ್ಲಿ ಅದು ತಿಂಗಳುಗಟ್ಟಲೆ ನಿಧಾನವಾಗಿ ಉಬ್ಬುತ್ತದೆ. ವಯಸ್ಸಾದ ದೊಡ್ಡ ನಾಯಿಗಳಲ್ಲಿ ಹೆಚ್ಚು. ಗಿಡ್ಡ ಕಾಲಿಗೂ ಡಿಸ್ಕಿಗೂ ಏನು ನಂಟು? 2017ರಲ್ಲಿ ಸಂಶೋಧಕರು ನಾಯಿಗಳ 12ನೇ ವರ್ಣತಂತುವಿನಲ್ಲಿ ಎಫ್‌ಜಿಎಫ್4 ಎಂಬ ಜೀನಿನ ಒಂದು ಹೆಚ್ಚುವರಿ ಪ್ರತಿ ಇರುವುದನ್ನು ಕಂಡುಹಿಡಿದರು. ಕಾಲನ್ನು ಗಿಡ್ಡ ಮಾಡುವ ಅದೇ ಪ್ರತಿ, ಡಿಸ್ಕನ್ನು ಎಳೆಯ ವಯಸ್ಸಿನಲ್ಲೇ ಮುಪ್ಪಾಗಿಸುತ್ತದೆ.

ಮೂರನೆಯದು ಡಿಜನರೇಟಿವ್ ಮೈಲೋಪತಿ, ಅಂದರೆ ಬೆನ್ನುಹುರಿಯೇ ಕ್ರಮೇಣ ಕ್ಷಯಿಸುವ ಕಾಯಿಲೆ. ಸಾಮಾನ್ಯವಾಗಿ 8 ವರ್ಷ ದಾಟಿದ ಮೇಲೆ ಶುರುವಾಗುತ್ತದೆ. ಜರ್ಮನ್ ಶೆಫರ್ಡ್ ಸಾಕಿದವರಲ್ಲಿ ಹಲವರು ಇದನ್ನು ಕಂಡಿರುತ್ತಾರೆ. ಸೊಂಟ ತೂರಾಡುತ್ತದೆ, ಹಿಂಗಾಲುಗಳು ಒಂದಕ್ಕೊಂದು ತೊಡರುತ್ತವೆ, ಆದರೆ ನೋವಿರುವುದಿಲ್ಲ. ಇದರ ಹಿಂದೆ ಎಸ್‌ಒಡಿ1 ಜೀನಿನ ದೋಷವಿದೆ ಎಂದು 2009ರಲ್ಲಿ ತಿಳಿಯಿತು. ಮನುಷ್ಯರಲ್ಲಿ ಎಎಲ್‌ಎಸ್ ಎಂಬ ನರರೋಗದ ಕೆಲವು ಪ್ರಕರಣಗಳಿಗೂ ಇದೇ ಜೀನ್ ಕಾರಣ. ಇದನ್ನು ಗುಣಪಡಿಸುವ ಔಷಧ ಇನ್ನೂ ಇಲ್ಲ.

ಈಗ ವ್ಯತ್ಯಾಸ ನೋಡಿ. ಕೀಲು ಸವೆತವಿದ್ದರೆ ದಿನಕ್ಕೆ ಮೂರು–ನಾಲ್ಕು ಸಲ ಚಿಕ್ಕ ನಡಿಗೆ ಒಳ್ಳೆಯದು. ಮಲಗಿಸಿಯೇ ಇಟ್ಟರೆ ಸ್ನಾಯು ಕರಗಿ ಕೀಲಿನ ಮೇಲೆ ಭಾರ ಹೆಚ್ಚುತ್ತದೆ. ಡಿಸ್ಕ್ ಆಗಷ್ಟೇ ಒಡೆದಿದ್ದರೆ ಆ ನಡಿಗೆಯೇ ಅಪಾಯ. 4ರಿಂದ 6 ವಾರ ಕ್ರೇಟಿನಲ್ಲೋ ಸಣ್ಣ ಆವರಣದಲ್ಲೋ ಇಟ್ಟು, ಮಲಮೂತ್ರಕ್ಕೆ ಮಾತ್ರ ಹೊರಗೆ ತರಬೇಕೆಂದು ವೈದ್ಯರು ಹೇಳುತ್ತಾರೆ. ಮೈಲೋಪತಿಯಲ್ಲಿ ನೋವಿನ ಮಾತ್ರೆಯಿಂದ ಪ್ರಯೋಜನವಿಲ್ಲ. ವ್ಯಾಯಾಮವೇ ನಾಯಿಯನ್ನು ಹೆಚ್ಚು ಕಾಲ ಕಾಲ ಮೇಲೆ ನಿಲ್ಲಿಸುತ್ತದೆ.

“ನೋವಿದ್ದರೆ ಕೂಗುತ್ತಿತ್ತಲ್ಲ?”

ಇದು ನಾವು ಹೆಚ್ಚಾಗಿ ಕೇಳುವ ತಪ್ಪು ನಂಬಿಕೆ. ನಾಯಿ ಕಾಲು ತುಳಿದಾಗ ಕೂಗುತ್ತದೆ, ನಿಜ. ಆದರೆ ತಿಂಗಳುಗಟ್ಟಲೆ ಇರುವ ನೋವನ್ನು ಅದು ಕೂಗಿ ಹೇಳುವುದು ಅಪರೂಪ. ನಡವಳಿಕೆಯಲ್ಲಿ ತೋರಿಸುತ್ತದೆ: ಬೆನ್ನು ಗೂನಾಗಿಸಿ ನಿಲ್ಲುವುದು, ಕೆಳಗಿಟ್ಟ ತಟ್ಟೆಗೆ ತಲೆ ಬಗ್ಗಿಸಲು ಹಿಂಜರಿಯುವುದು, ಮೈದಡವಿದರೆ ಗುರುಗುಟ್ಟುವುದು, ರಾತ್ರಿಯೆಲ್ಲ ಜಾಗ ಬದಲಿಸುತ್ತಾ ಏದುಸಿರು ಬಿಡುವುದು. ಮುದ್ದು ನಾಯಿ ಇದ್ದಕ್ಕಿದ್ದಂತೆ ಸಿಡುಕಿದರೆ, ಅದರ ಸ್ವಭಾವ ಕೆಟ್ಟಿತೆನ್ನುವ ಮೊದಲು ಎಲ್ಲಿ ನೋಯುತ್ತಿದೆ ಎಂದು ಕೇಳಿಕೊಳ್ಳಬೇಕು.

ಉಗುರನ್ನೂ ಗಮನಿಸಿ. ಹಿಂಗಾಲಿನ ಉಗುರುಗಳ ಮೇಲ್ಭಾಗ ಸವೆದಿದ್ದರೆ, ನಡೆಯುವಾಗ ನೆಲಕ್ಕೆ ಕೆರೆಯುವ ಸದ್ದು ಬರುತ್ತಿದ್ದರೆ, ಪಾದ ಮಡಚಿ ಮೇಲ್ಭಾಗ ಊರುತ್ತಿದ್ದರೆ ತೊಂದರೆ ಕೀಲಿನದ್ದಲ್ಲ, ನರದ್ದು ಎಂಬ ಅನುಮಾನ ಬಲವಾಗುತ್ತದೆ. ಇಂಥದ್ದು ಕಂಡಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯ ಗಾಬರಿಯಲ್ಲಿ ನಾಯಿ ಬೇರೆಯೇ ಥರ ನಡೆಯಬಹುದು. ಮನೆಯ ವಿಡಿಯೊ ಪಶುವೈದ್ಯರಿಗೆ ನಿಮ್ಮ ವಿವರಣೆಗಿಂತ ಹೆಚ್ಚು ಹೇಳುತ್ತದೆ.

ಎಕ್ಸ್‌ರೇ ಬಗ್ಗೆಯೂ ಒಂದು ಮಾತು. ಸಾಮಾನ್ಯ ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆ, ಬೆನ್ನುಹುರಿಯನ್ನಲ್ಲ. “ಎಕ್ಸ್‌ರೇ ಸರಿಯಿದೆ” ಎಂದಾಕ್ಷಣ ಬೆನ್ನು ಸರಿಯಿದೆ ಎಂದಲ್ಲ. ಹುರಿಯನ್ನು ನೋಡಲು ಎಂಆರ್‌ಐ ಬೇಕು. ಅದು ದುಬಾರಿ, ಎಲ್ಲ ಊರುಗಳಲ್ಲೂ ಸಿಗುವುದಿಲ್ಲ. ಆದರೆ ಅನುಭವಿ ವೈದ್ಯರು ಕೈಯಿಂದಲೇ ಪಾದದ ಪ್ರತಿಕ್ರಿಯೆ ಪರೀಕ್ಷಿಸಿ, ಬೆನ್ನು ಒತ್ತಿ ನೋಡಿ, ತೊಂದರೆ ಕೀಲಿನದ್ದೋ ನರದ್ದೋ ಎಂದು ಸಾಕಷ್ಟು ಮಟ್ಟಿಗೆ ಹೇಳಬಲ್ಲರು.

“ಅರ್ಧ ಮಾತ್ರೆ ಕೊಟ್ಟರೆ ಏನಾಗುತ್ತೆ?”

ತುಂಬ ಆಗುತ್ತದೆ. ಮನೆಯ ಡಬ್ಬದಲ್ಲಿರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಮೂತ್ರಪಿಂಡ ಕೆಡಿಸಬಲ್ಲವು. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತಿಗೆ ಹಾನಿ. ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯೂ ಕುಗ್ಗುತ್ತದೆ. ಮೆಲಾಕ್ಸಿಕಾಂ ನಾಯಿಗೂ ಕೊಡುವ ಔಷಧವೇ. ಆದರೆ ಲೆಕ್ಕ ನೋಡಿ: 10 ಕೆ.ಜಿ. ತೂಕದ ನಾಯಿಗೆ ವೈದ್ಯರು ಬರೆಯುವ ದಿನನಿತ್ಯದ ಪ್ರಮಾಣ ಸುಮಾರು 1 ಮಿಲಿಗ್ರಾಂ. ಮನುಷ್ಯರ ಮಾತ್ರೆ 7.5 ಅಥವಾ 15 ಮಿಲಿಗ್ರಾಂ. ಚಿಕ್ಕ ಮಾತ್ರೆಯ ಅರ್ಧವೂ ಹೆಚ್ಚುಕಡಿಮೆ ನಾಲ್ಕು ಪಟ್ಟು!

ಹಳೆಯ ಚೀಟಿಯ ಸ್ಟೀರಾಯ್ಡ್ ಉಳಿದಿದೆ ಎಂದು ನೋವಿನ ಮಾತ್ರೆಯ ಜೊತೆ ಕೊಡುವುದಂತೂ ಬೇಡವೇ ಬೇಡ. ಎರಡೂ ಸೇರಿದರೆ ಹೊಟ್ಟೆಯ ಹುಣ್ಣು ರಕ್ತಸ್ರಾವಕ್ಕೆ ತಿರುಗಬಹುದು. ನೋವಿನ ಮುಲಾಮು ಹಚ್ಚಿದರೆ ನಾಯಿ ಅದನ್ನು ನೆಕ್ಕುತ್ತದೆ. ಅದರಲ್ಲಿರುವ ಡೈಕ್ಲೋಫೆನಾಕ್, ಮೀಥೈಲ್ ಸ್ಯಾಲಿಸಿಲೇಟ್ ನೇರ ಹೊಟ್ಟೆಗೇ ಹೋಗುತ್ತವೆ.

“ಕ್ಯಾಲ್ಸಿಯಂ ಕಮ್ಮಿಯಾಗಿದೆ” ಎಂದು ಟಾನಿಕ್ ಕುಡಿಸುವುದೂ ರೂಢಿ. ಕೀಲು ಸವೆತವಾಗಲಿ ಡಿಸ್ಕ್ ಒಡೆಯುವುದಾಗಲಿ ಕ್ಯಾಲ್ಸಿಯಂ ಕೊರತೆಯಿಂದ ಬರುವುದಲ್ಲ. ಟಾನಿಕ್ ಕುಡಿಸುತ್ತಾ ಕಳೆದ ವಾರಗಳಲ್ಲಿ ನಿಜವಾದ ಚಿಕಿತ್ಸೆ ತಡವಾಗುತ್ತದೆ.

ತೂಕವೇ ದೊಡ್ಡ ಔಷಧ

ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿದ ಒಂದು ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ನಾಯಿಗಳಿಗೆ ಉಳಿದವಕ್ಕಿಂತ 25% ಕಡಿಮೆ ಆಹಾರ ಕೊಟ್ಟಿದ್ದರು. ಕಡಿಮೆ ತಿಂದವುಗಳ ಮಧ್ಯಕ ಆಯಸ್ಸು 13 ವರ್ಷ, ಹೆಚ್ಚು ತಿಂದವುಗಳದ್ದು 11.2. ಕೀಲು ಸವೆತವೂ ಅವುಗಳಲ್ಲಿ ತಡವಾಗಿ ಬಂತು. ಊಟದ ಹೊತ್ತಿಗೆ ಪಕ್ಕದಲ್ಲಿ ಕೂತ ನಾಯಿಗೆ ಒಂದು ತುಂಡು ಚಪಾತಿ, ಒಂದು ಬಿಸ್ಕತ್ತು ಕೊಡದಿರುವುದು ನಮಗೆ ಕಷ್ಟ. ಆದರೆ ಆ ತುತ್ತನ್ನು ಹೊರಬೇಕಾದದ್ದು ಅದರ ಸೊಂಟ. ಪಕ್ಕೆಲುಬು ಕೈಗೆ ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ನಡು ಕಾಣಬೇಕು. ಇದು ಸರಿಯಾದ ತೂಕದ ಗುರುತು.

ಎರಡನೆಯದು ನೆಲ. ನುಣುಪಾದ ಟೈಲ್ಸ್ ಮುದಿ ನಾಯಿಗೆ ಮಂಜುಗಡ್ಡೆಯಿದ್ದಂತೆ. ಮಲಗುವ ಜಾಗದಿಂದ ನೀರಿನ ಬಟ್ಟಲಿನವರೆಗೆ, ಅಲ್ಲಿಂದ ಬಾಗಿಲಿನವರೆಗೆ ರಬ್ಬರ್ ಮ್ಯಾಟಿನ ದಾರಿ ಮಾಡಿ. ಉಗುರು, ಪಾದದ ಕೂದಲು ಕತ್ತರಿಸಿ. ತಟ್ಟೆಯನ್ನು ಸ್ವಲ್ಪ ಎತ್ತರಕ್ಕಿಡಿ. ಕತ್ತಿನ ಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ಬಳಸಿ. ಎತ್ತುವಾಗ ಮುಂಗಾಲಿನ ಕಂಕುಳಲ್ಲಿ ಹಿಡಿದು ತೂಗಾಡಿಸಬೇಡಿ. ಒಂದು ಕೈ ಎದೆಗೆ, ಒಂದು ಕೈ ಪೃಷ್ಠದ ಕೆಳಗೆ ಕೊಟ್ಟು ಬೆನ್ನು ನೇರವಾಗಿರುವಂತೆ ಎತ್ತಿ. ಹಿಂಗಾಲು ಸೋತಿದ್ದರೆ ಹಳೆಯ ಟವಲನ್ನು ಹೊಟ್ಟೆಯ ಕೆಳಗೆ ಜೋಲಿಯಂತೆ ಹಾಕಿ ಹಿಡಿದರೆ ಅದು ತಾನಾಗಿ ನಡೆಯುತ್ತದೆ.

ಯಾವಾಗ ಕಾಯಬಾರದು?

ಬೆನ್ನುಹುರಿಯ ಒತ್ತಡ ಹೆಚ್ಚಿದಂತೆ ನಾಯಿ ಒಂದೊಂದೇ ಶಕ್ತಿ ಕಳೆದುಕೊಳ್ಳುತ್ತದೆ. ಮೊದಲು ಪಾದ ಎಲ್ಲಿದೆ ಎಂಬ ಅರಿವು, ಆಮೇಲೆ ನಡಿಗೆ, ನಂತರ ಮೂತ್ರದ ಹಿಡಿತ, ಕೊನೆಗೆ ಬೆರಳು ಗಟ್ಟಿಯಾಗಿ ಚಿವುಟಿದರೂ ನೋವು ತಿಳಿಯದ ಸ್ಥಿತಿ. ಡಿಸ್ಕ್ ಒಡೆದು ಕಾಲು ಸೋತಿದ್ದರೂ ಆ ನೋವಿನ ಅರಿವು ಉಳಿದಿರುವಾಗ ಶಸ್ತ್ರಚಿಕಿತ್ಸೆ ಆದರೆ, ಹತ್ತರಲ್ಲಿ ಸುಮಾರು ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ಅರಿವು ಹೋದ ಮೇಲೆ ಅದು ಅರ್ಧದಷ್ಟಕ್ಕೆ ಇಳಿಯುತ್ತದೆ. ಆದ್ದರಿಂದ ನಾಯಿ ದಿಢೀರನೆ ಹಿಂಗಾಲು ಎಳೆಯತೊಡಗಿದರೆ, ಇಲ್ಲವೇ ಮೂತ್ರ ಕಟ್ಟಿದರೆ, ನಾಳೆ ನೋಡೋಣ ಎನ್ನಬೇಡಿ. ಒಂದು ಹಲಗೆಯ ಮೇಲೆ ಅಲುಗದಂತೆ ಮಲಗಿಸಿ ಅಂದೇ ಕರೆದೊಯ್ಯಿರಿ.

ಎಲ್ಲ ಮಾಡಿದರೂ ಕೆಲವು ನಾಯಿಗಳು ಮತ್ತೆ ನಡೆಯುವುದಿಲ್ಲ. ಆಗಲೂ ನಡೆಯದಿರುವುದೊಂದೇ ಅಳತೆಗೋಲಲ್ಲ. ಗಾಲಿಬಂಡಿಯಲ್ಲಿ ಹಿಂಗಾಲು ಇಟ್ಟುಕೊಂಡು ವರ್ಷಗಟ್ಟಲೆ ಖುಷಿಯಾಗಿರುವ ನಾಯಿಗಳಿವೆ. ಮಲಗಿದ್ದಲ್ಲೇ ಇರುವ ನಾಯಿಗೆ ದಪ್ಪ ಹಾಸಿಗೆ ಬೇಕು, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೈ ಒಣಗಿರಬೇಕು. ಅದು ಹಸಿವಿನಿಂದ ತಿನ್ನುತ್ತಿದೆಯೇ, ನಿಮ್ಮ ದನಿಗೆ ಕಿವಿ ನಿಮಿರಿಸುತ್ತದೆಯೇ, ನೋವು ಹಿಡಿತದಲ್ಲಿದೆಯೇ? ಕ್ಯಾಲೆಂಡರಿನಲ್ಲಿ ದಿನವೂ ‘ಒಳ್ಳೆಯ ದಿನ’, ‘ಕೆಟ್ಟ ದಿನ’ ಎಂದು ಗುರುತು ಹಾಕಿ. ಕೆಟ್ಟ ದಿನಗಳು ಹೆಚ್ಚಾಗತೊಡಗಿದರೆ ನೋವಿಲ್ಲದ ಕೊನೆಯ ಬಗ್ಗೆ ವೈದ್ಯರೊಡನೆ ಮಾತಾಡುವುದು ನಿರ್ದಯತೆಯಲ್ಲ.

ಆ ಮಾತಿಗೂ ಒಂದು ಹೊತ್ತಿದೆ. ಆದರೆ ಯಾರೂ ಪರೀಕ್ಷಿಸದ ನಾಯಿಯ ಬಗ್ಗೆ, “ವಯಸ್ಸಾಯ್ತು” ಎಂಬ ಒಂದೇ ಕಾರಣಕ್ಕೆ ಆ ತೀರ್ಮಾನಕ್ಕೆ ಬರಬಾರದು. ಈ ವಾರ ನಿಮ್ಮ ನಾಯಿ ಮೆಟ್ಟಿಲ ಬಳಿ ತಡೆದು ನಿಂತರೆ ಅದರ ಹಿಂಗಾಲಿನ ಉಗುರನ್ನೊಮ್ಮೆ ನೋಡಿ, ಒಂದು ನಿಮಿಷದ ವಿಡಿಯೊ ಮಾಡಿ, ಪಶುವೈದ್ಯರಿಗೆ ತೋರಿಸಿ.