ಕಂಡದ್ದನ್ನು ಕಂಡಂತೆ ಬರೆಯೋಣ
ಎರಡು ದಿನ ಕತ್ತಲೆಯಲ್ಲಿಟ್ಟ ದಾಸವಾಳದ ಗಿಡದಲ್ಲಿ ಒಂದೆಲೆಯ ಅರ್ಧಭಾಗಕ್ಕೆ ಕಪ್ಪು ಕಾಗದ ಹೊದಿಸಿ, ಕೆಲವು ಗಂಟೆ ಬಿಸಿಲಿಗಿಟ್ಟು, ಆ ಎಲೆಯ ಹಸಿರನ್ನು ಸ್ಪಿರಿಟ್‌ನಲ್ಲಿ ಕಳೆದು ಅಯೋಡಿನ್ ಹನಿಸಿದರೆ, ಬಿಸಿಲು ಕಂಡ ಭಾಗವಷ್ಟೇ ಕಡುನೀಲಿಯಾಗುತ್ತದೆ. ಅಲ್ಲಿ ಪಿಷ್ಟವಿದೆಯೆಂದರ್ಥ. ಇದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ದ್ಯುತಿಸಂಶ್ಲೇಷಣೆಯು ಬರಿಯ ಬಾಯಿಪಾಠವಾಗಿ ಉಳಿಯದು.

ಆದರೆ ಪ್ರಯೋಗದ ಪುಸ್ತಕದಲ್ಲಿ ನಮ್ಮ ಮಕ್ಕಳು ಬರೆಯುವುದೇನು? ಎಷ್ಟೋ ಸಲ ಪಠ್ಯದ ವಾಕ್ಯಗಳ ನಕಲು! ಎಲೆ ನೀಲಿಯಾಗದಿದ್ದರೂ ‘ಆಯಿತು’ ಎಂದೇ ಬರೆಯುತ್ತಾರೆ, ಅಂಕ ಹೋದೀತೆಂಬ ಭಯದಿಂದ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಕನ್ನಡ ಮಾಧ್ಯಮವನ್ನು ಉಳಿಸಿಕೊಂಡವರು ನಾವು. ಆ ಕನ್ನಡ ಕತೆ ಕವಿತೆಗಳಿಗಷ್ಟೇ ಮೀಸಲಾದರೆ ಸಾಲದು. ಕಂಡದ್ದನ್ನು ಕಂಡಂತೆ ಹೇಳಲೂ ಒದಗಬೇಕು. ನೀಲಿಯಾಗದಿದ್ದರೆ ಮಕ್ಕಳು ‘ಆಗಲಿಲ್ಲ’ ಎಂದೇ ಬರೆಯಲಿ, ಕಾರಣ ಹುಡುಕಲಿ. ಅದಕ್ಕೂ ಅಂಕ ಕೊಡುವುದು ಅಧ್ಯಾಪಕರಾದ ನಮ್ಮ ಹೊಣೆ.