ಮಾಲಕನ ಕಾಟ ತಾಳದೆ ಕರಾರು ಮುರಿಯಬಹುದೇ?

ಜಮಖಂಡಿ, ಮುಧೋಳ, ಬೀಳಗಿಗಳಲ್ಲಿ ನೌಕರಿಗೋ ಮಕ್ಕಳ ಶಾಲೆಗೋ ಬಂದವರು ಮನೆ ಹಿಡಿಯುತ್ತಾರೆ. ರಬಕವಿ-ಬನಹಟ್ಟಿಯ ನೇಕಾರ ಮನೆಯ ಜೊತೆ ಮಗ್ಗಕ್ಕೂ ಜಾಗ ಹಿಡಿಯುತ್ತಾನೆ. ಕಾಗದ ಸಾಮಾನ್ಯವಾಗಿ ಒಂದೇ: ಬಾಂಡ್ ಪೇಪರಿನ ಮೇಲೆ 11 ತಿಂಗಳ ಕರಾರು. ವರ್ಷ ದಾಟಿದರೆ ನೋಂದಣಿಯ ಖರ್ಚು, ಅದಕ್ಕೇ 11. ನಡುವೆ ಮಾಲಕನೊಡನೆ ಕೆಟ್ಟರೆ ಅರ್ಧಕ್ಕೇ ಎದ್ದು ಹೋಗಬಹುದೇ?

ಪರ

ಹೋಗಬಹುದು. ಕರಾರಿನಲ್ಲಿ ಸಹಿ ಎರಡಿರುತ್ತವೆ, ನೆನಪಾಗುವುದು ಬಾಡಿಗೆದಾರನದು ಮಾತ್ರ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಬಾಡಿಗೆ ಕೊಡುತ್ತಿರುವವನಿಗೆ ಯಾರ ಅಡ್ಡಿಯೂ ಇಲ್ಲದೆ ಇರುವ ಹಕ್ಕಿದೆ. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿಯುವ, ನೀರಿನ ವಾಲ್ವ್ ತಿರುಗಿಸಿ ಬುದ್ಧಿ ಕಲಿಸುವ ಮಾಲಕ ಕರಾರನ್ನು ತಾನೇ ಮೊದಲು ಮುರಿದಿರುತ್ತಾನೆ.

ಕರೆಂಟಿನ ತಕರಾರು ಇನ್ನೂ ದೊಡ್ಡದು. ಹೆಸ್ಕಾಂ ಮೀಟರು ಮಾಲಕನ ಹೆಸರಿನಲ್ಲಿ. 2023ರಲ್ಲಿ ಬಂದ ಗೃಹಜ್ಯೋತಿಯ ಉಚಿತ ವಿದ್ಯುತ್ತು ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಬಾಡಿಗೆದಾರನಿಗೂ ಸಿಗುತ್ತದೆ; ಆರ್.ಆರ್. ನಂಬರು, ಆಧಾರ್, ಕರಾರು ಪತ್ರ ಬೇಕು ಅಷ್ಟೇ. ಆ ಪತ್ರದ ನಕಲನ್ನೇ ಕೊಡದೆ, ಸೊನ್ನೆ ಬಿಲ್ಲಿನ ಮೇಲೂ ಯೂನಿಟ್ಟಿಗಿಷ್ಟು ಎಂದು ವಸೂಲಿ ಮಾಡುವವನ ಮನೆಯಲ್ಲಿ 11 ತಿಂಗಳು ಪೂರೈಸಬೇಕೆನ್ನುವುದು ಯಾವ ನ್ಯಾಯ?

ನೆರೆಯ ಮಾತೂ ಇದೆ. 2019ರ ಆಗಸ್ಟಿನಲ್ಲಿ ಮುಧೋಳದ ಕಡೆ ಘಟಪ್ರಭೆ, ಜಮಖಂಡಿಯ ಕಡೆ ಕೃಷ್ಣೆ ಉಕ್ಕಿ ಮನೆಗಳಿಗೆ ನುಗ್ಗಿದ್ದವು. ಪ್ರವಾಹದಿಂದ ಮನೆಯ ಮುಖ್ಯ ಭಾಗ ಉಪಯೋಗಕ್ಕೆ ಬಾರದಂತಾದರೆ ಕರಾರು ರದ್ದು ಮಾಡುವ ಆಯ್ಕೆಯನ್ನು ಅದೇ 108ನೇ ಕಲಮು ಬಾಡಿಗೆದಾರನ ಕೈಗೆ ಕೊಟ್ಟಿದೆ.

“ಡಿಪಾಜಿಟ್ ಬರೂದಿಲ್ಲ ನೋಡ್” ಎಂಬ ಬೆದರಿಕೆಗೂ ಮದ್ದಿದೆ. ಕರಾರು ಕಾಯ್ದೆಯ 74ನೇ ಕಲಮಿನಂತೆ, ಕಾಗದದಲ್ಲಿ ದಂಡ ಎಷ್ಟೇ ಬರೆದಿರಲಿ, ಮಾಲಕನಿಗೆ ಸಲ್ಲುವುದು ನ್ಯಾಯವಾದ ಪರಿಹಾರವಷ್ಟೇ. ಮುಂದಿನ ತಿಂಗಳೇ ಬೇರೆಯವರು ಬಂದು ಕೂತರೆ ಅವನಿಗಾದ ನಷ್ಟವಾದರೂ ಎಷ್ಟು?

ವಿರೋಧ

ಹಾಗೆ ಎದ್ದು ಹೋಗುವುದು ಸಲ್ಲದು. “ಮಾಲಕ ತ್ರಾಸ ಕೊಡ್ತಾನ” ಎಂದು ಹೇಳುವುದು ಸುಲಭ. ಬೀಗರು ಬಂದು ವಾರ ಉಳಿದರೆ ನೀರಿನ ಲೆಕ್ಕ ಕೇಳಿದ, ನಡುರಾತ್ರಿ ಪವರ್‌ಲೂಮ್ ನಿಲ್ಲಿಸು ಎಂದ ಎನ್ನುವುದೆಲ್ಲ ಕಿರಿಕಿರಿಯೇ ಹೊರತು ಕರಾರು ಹರಿದು ಹಾಕಲು ಕಾರಣವಲ್ಲ. ಎಲ್ಲರ ಬಾಯಲ್ಲಿರುವ 15 ದಿನದ ನೋಟಿಸು ತಿಂಗಳ ಲೆಕ್ಕದ ಬಾಡಿಗೆಗೆ, ಅದೂ ಬೇರೆ ಕರಾರು ಇಲ್ಲದಾಗ. ಅವಧಿ ಬರೆದು ಸಹಿ ಹಾಕಿದವನಿಗೆ ಅದು ದಾರಿಯಾಗುವುದಿಲ್ಲ.

ಪ್ರವಾಹದ ಕಲಮನ್ನು ಪೂರ್ತಿ ಓದಬೇಕು. ಹಾನಿ ಶಾಶ್ವತವಾಗಿರಬೇಕು ಎಂಬ ಮಾತು ಅಲ್ಲಿದೆ. ನೀರಿಳಿದು ಗೋಡೆ ಆರಿದ ಮನೆಗೆ ಅದು ಅನ್ವಯಿಸದು. ಕರಾರಿನಂತೆ ದುರಸ್ತಿ ಮಾಡಬೇಕಾದ ಮಾಲಕ ಮಾಡದಿದ್ದರೆ, ನೋಟಿಸು ಕೊಟ್ಟು ಕಾದು ನೋಡಿ, ತಾನೇ ಮಾಡಿಸಿ, ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಅದೇ ಕಾಯ್ದೆ ಬಿಡುತ್ತದೆ. ಮನೆ ಬಿಡುವ ಮುನ್ನ ಇದನ್ನು ಮಾಡಿದವರು ಎಷ್ಟು ಜನ?

ಮಾಲಕ ಅಂದಕೂಡಲೇ ಸಾಹುಕಾರನ ಚಿತ್ರ ಕಣ್ಣ ಮುಂದೆ ಬರುತ್ತದೆ. ಬನಹಟ್ಟಿಯ ಓಣಿಯಲ್ಲಿ ಅವನೂ ನೇಕಾರನೇ ಇರಬಹುದು. ಅರ್ಧ ಮನೆಯನ್ನು ಬಾಡಿಗೆಗೆ ಕೊಟ್ಟು, ಬಂದ ಡಿಪಾಜಿಟ್ಟನ್ನು ನೂಲಿಗೆ ಹಾಕಿರುತ್ತಾನೆ. ನಾಳೆಯೇ ತಾ ಎಂದರೆ ಅವನು ಬಡ್ಡಿಯವನ ಮನೆ ಮೆಟ್ಟಿಲು ಹತ್ತಬೇಕು. ಇತ್ತ ಬಿಟ್ಟು ಹೋದ ಜಾಗದಲ್ಲಿ ಮಗ್ಗ ಹೂಡಲು ಅಗೆದ ನೆಲ, ಮೋಟರಿಗೆಂದು ಎಳೆದ ವೈರು. ಮಗ್ಗವಿಲ್ಲದ ಸಂಸಾರ ಅಂಥ ಕೋಣೆ ಹಿಡಿಯುತ್ತದೆಯೇ?

(ನನ್ನ ಒಲವು ಮೊದಲ ಪಕ್ಷದ ಕಡೆ. ಆದರೆ ಮಗ್ಗದ ಮಾತಿಗೆ ಅಲ್ಲಿ ಉತ್ತರ ಸಿಗಲಿಲ್ಲ.)

ಇನ್ನೊಂದು. ತಯಾರಿಕೆಗೆ ಕೊಟ್ಟ ಜಾಗಕ್ಕೆ, ಬೇರೆ ಕರಾರಿಲ್ಲದಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮು ಆರು ತಿಂಗಳ ನೋಟಿಸು ಹೇಳುತ್ತದೆ. ನೋಂದಣಿಯಾಗದ ಕಾಗದ ಹಿಡಿದು ಅದನ್ನು ಕೇಳುವುದು ಕಷ್ಟವಾದರೂ, ಆ ಗಡುವು ಇರುವುದು ನೇಕಾರನ ರಕ್ಷಣೆಗೇ. ಮನಸ್ಸು ಬಂದಾಗ ಬಿಡುತ್ತೇನೆ ಎಂಬ ಹಕ್ಕು ಬಾಡಿಗೆದಾರನಿಗಿದ್ದರೆ, ಮನಸ್ಸು ಬಂದಾಗ ಬಿಡಿಸುತ್ತೇನೆ ಎಂದು ಮಾಲಕನೂ ಕೇಳುತ್ತಾನೆ. ಬೀಮಿನ ಮೇಲೆ ಅರ್ಧ ಹಾಸು ಉಳಿದಿರುವಾಗ ಮಗ್ಗ ಕಿತ್ತುಕೊಂಡು ಎಲ್ಲಿಗೆ ಹೋಗುವುದು?