ತೋಟದ ಮನೆಗೆ ಜೋಡಿ ಗಾಡಿ

ನಮ್ಮ ತೋಟದ ಮನೆಯ ತಲೆಬಾಗಿಲು ಹಳೇ ಕಾಲದ್ದು. ಹಲಸಿನ ಮರದ ಚೌಕಟ್ಟು, ಕೆಳಗೆ ಅರ್ಧ ಅಡಿ ಎತ್ತರದ ಹೊಸ್ತಿಲು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಬಾಗಿಲ ಅಗಲ ಎಷ್ಟು ಅಂತ ಯಾರೂ ಕೇಳಿರಲಿಲ್ಲ. ಗೌರಿ ಹಬ್ಬಕ್ಕೆ ವಾರ ಇದೆ ಅನ್ನುವಾಗ ಮಗಳು ಬೆಂಗಳೂರಿಂದ ಫೋನ್ ಮಾಡಿ, "ಅಮ್ಮ, ಟೇಪ್ ಹಿಡಿದು ಬಾಗಿಲು ಅಳೆದು ಹೇಳು" ಅಂದಳು. ಅಳೆದೆ. 29 ಇಂಚು. "ಹಾಗಾದ್ರೆ ಪಕ್ಕಪಕ್ಕದ್ದು ನುಗ್ಗಲ್ಲ ಬಿಡು" ಅಂದಳು.

ಅವಳಿಗೆ ಆಗ ಏಳು ತಿಂಗಳು ತುಂಬಿತ್ತು. ಮೊದಲನೆಯವನಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಓಡ್ತಾನೆ, ಹಾರ್ತಾನೆ, ನೂರು ಹೆಜ್ಜೆ ಹಾಕಿದ ಮೇಲೆ ದಾರಿ ಮಧ್ಯೆ ಕೂತು "ಎತ್ಕೋ" ಅಂತಾನೆ. ಹೆರಿಗೆ ಆದ ಮೇಲೆ ಮೂರು ತಿಂಗಳು ಇಲ್ಲಿ, ತಿಪಟೂರಿಂದ ತುರುವೇಕೆರೆಗೆ ಹೋಗೋ ರಸ್ತೆ ಬಿಟ್ಟು ಒಂದು ಕಿಲೋಮೀಟರ್ ಒಳಗೆ. ಆಮೇಲೆ ಬೆಂಗಳೂರಿನ ಆರನೇ ಮಹಡಿ. ಎರಡು ಮಕ್ಕಳನ್ನೂ ಒಟ್ಟಿಗೆ ಕೂರಿಸಿ ತಳ್ಳೋ ಡಬಲ್ ಸ್ಟ್ರಾಲರ್ ಒಂದು ತಗೋಬೇಕು, ಎರಡೂ ಕಡೆಗೆ ಆಗಬೇಕು ಅನ್ನೋದು ಅವಳ ಲೆಕ್ಕ.

ನಮ್ಮತ್ತೆ ಮಂಚದ ಮೇಲಿಂದಲೇ ತೀರ್ಪು ಕೊಟ್ಟರು. "ಐದು ಮಕ್ಳು ಸಾಕಿದೆ ಕಣಮ್ಮ, ಯಾವ ಗಾಡಿ ಇತ್ತು ನಮ್ಗೆ?" ನಾನೂ ಅದನ್ನೇ ಹೇಳೋಳು. ಆದರೆ ಆ ಐದು ಮಕ್ಕಳನ್ನ ಸಾಕುವಾಗ ಈ ಮನೇಲಿ ಊಟಕ್ಕೆ ಕೂರ್ತಿದ್ದವರು ಹನ್ನೊಂದು ಜನ. ನಾದಿನಿಯರಿದ್ದರು, ಓರಗಿತ್ತಿ ಇದ್ದರು. ಮಗು ಒಬ್ಬರ ಕಂಕುಳಿಂದ ಇನ್ನೊಬ್ಬರ ಕಂಕುಳಿಗೆ ದಾಟುತ್ತಾ ಸಂಜೆ ಹೊತ್ತಿಗೆ ಅವ್ವನ ಹತ್ತಿರ ಬರೋದು. ಇನ್ನೂ ಒಂದು ಮಾತಿದೆ, ಅದನ್ನು ನಾವು ಸುಲಭಕ್ಕೆ ಹೇಳಲ್ಲ. ಆ ಕೈಗಳಲ್ಲಿ ಅರ್ಧ ಎಂಟು ಹತ್ತು ವರ್ಷದ ಹೆಣ್ಣುಮಕ್ಕಳವು. ನಾನೇ ನಾಲ್ಕನೇ ಕ್ಲಾಸಿನಲ್ಲಿದ್ದಾಗ ತಮ್ಮನನ್ನು ಸೊಂಟದ ಮೇಲೆ ಹೊತ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ. ಅವನು ಅತ್ತರೆ ಮೇಷ್ಟ್ರು ಇಬ್ಬರನ್ನೂ ಆಚೆ ಕಳಿಸೋರು. ಮಗ್ಗಿ ನನಗೆ ಹದಿಮೂರರ ಮೇಲೆ ಇವತ್ತಿಗೂ ಬರಲ್ಲ. ಗಾಡಿ ಇಲ್ಲದೆ ಮಕ್ಕಳು ಬೆಳೆದವು ಅನ್ನೋದು ನಿಜ, ಯಾರಿಗೂ ಖರ್ಚಿಲ್ಲದೆ ಬೆಳೆದವು ಅನ್ನೋದು ನಿಜ ಅಲ್ಲ.

ಹಾಗಂತ ಕಂಕುಳನ್ನು ಹಳೇ ಕಾಲದ ಬಡತನ ಅಂತ ತಳ್ಳಿಹಾಕೋಕೂ ಆಗಲ್ಲ. ಮಗು ಎರಡು ಕಾಲನ್ನೂ ಅಗಲಿಸಿ ಸೊಂಟದ ಮೇಲೆ ಕೂರುತ್ತಲ್ಲ, ಆ ಭಂಗಿ ತೊಡೆಯ ಕೀಲು ಸರಿಯಾಗಿ ಕೂಡಿಕೊಳ್ಳೋಕೆ ಒಳ್ಳೇದು ಅಂತ ಮೂಳೆ ಡಾಕ್ಟರುಗಳೇ ಹೇಳ್ತಾರೆ. ಕಾಲು ಜೋಡಿಸಿ ಬಿಗಿಯಾಗಿ ಸುತ್ತಿಡೋದು ಅಷ್ಟು ಒಳ್ಳೇದಲ್ಲ. ಅಲ್ಲದೆ ಕಂಕುಳ ಮಗು ದೊಡ್ಡವರ ಮುಖದ ಮಟ್ಟದಲ್ಲಿರುತ್ತೆ. ಕಾಗೆ ತೋರಿಸ್ತೀವಿ, ಹೊಂಬಾಳೆ ತೋರಿಸ್ತೀವಿ, ಅದು ಬಾಯಿ ನೋಡಿಕೊಂಡು ಮಾತು ಕಲಿಯುತ್ತೆ. ಗಾಡಿಯಲ್ಲಿ ಕೂತ ಮಗುವಿಗೆ ಕಾಣೋದು ಜನರ ಮಂಡಿ, ಬೈಕಿನ ಸೈಲೆನ್ಸರು.

ಹಬ್ಬಕ್ಕೆ ಮಗಳು ಬಂದಾಗ ಬರೀ ಮಾತು ಸಾಕು ಅಂತ ಪರೀಕ್ಷೆಗೇ ಇಳಿದೆವು. ತಿಪಟೂರಲ್ಲಿ ನಮ್ಮ ನೆಂಟರ ಮನೇಲಿ ಅವಳಿಜವಳಿ ಮಕ್ಕಳಿಗೆ ತಂದಿದ್ದ ಪಕ್ಕಪಕ್ಕ ಸೀಟಿನ ಗಾಡಿ ಧೂಳು ಹಿಡಿದು ನಿಂತಿತ್ತು. ಎರಡು ದಿನಕ್ಕೆ ಕೇಳಿ ತಂದೆವು. ತರೋದೇ ಒಂದು ಕಥೆ. ಅಳಿಯಂದಿರ ಕಾರು ಸಿಎನ್‌ಜಿ, ಡಿಕ್ಕಿಯಲ್ಲಿ ಸಿಲಿಂಡರ್ ಕೂತಿದೆ. ಮಡಚಿದ ಗಾಡಿ ಹಿಂದಿನ ಸೀಟಿನ ಮೇಲೆ ಮಲಗಿತು, ನಾನು ಬಸ್ಸಲ್ಲಿ ಬಂದೆ.

ಒಂದು ಸೀಟಲ್ಲಿ ಮೊಮ್ಮಗ. ಇನ್ನೊಂದರಲ್ಲಿ ಹುಟ್ಟಲಿರೋ ಮಗುವಿನ ಲೆಕ್ಕಕ್ಕೆ ನಾಲ್ಕು ಸೇರು ರಾಗಿ ತುಂಬಿದ ಬಟ್ಟೆ ಚೀಲ, ಪಟ್ಟಿ ಬಿಗಿದು ಕೂರಿಸಿದೆವು. ಅಂಗಳದ ಸಿಮೆಂಟಿನ ಮೇಲೆ ಸಲೀಸು. ತೋಟಕ್ಕೆ ಇಳೀತಿದ್ದ ಹಾಗೆ ಗಾಡಿ ಮೊಮ್ಮಗನ ಕಡೆಗೆ ವಾಲಿಕೊಂಡು ಎಳೆಯೋಕೆ ಶುರು ಮಾಡಿತು. ಎರಡು ವರ್ಷದ ಗಂಡು ಮಗು ಹನ್ನೆರಡು ಕೆಜಿ ಹತ್ತಿರ ಇರುತ್ತೆ, ಹಸುಗೂಸು ಮೂರು ನಾಲ್ಕು. ಅವಳಿಗಳಿಗೆ ಮಾಡಿದ ಗಾಡಿ ಸಮಭಾರ ಕೇಳುತ್ತೆ. ಒಂದೊಂದು ಹೆಜ್ಜೆಗೂ ಹಿಡಿಯನ್ನ ಎದುರು ದಿಕ್ಕಿಗೆ ತಿರುವಿ ತಿರುವಿ ಮಗಳ ಮುಂಗೈ ನೋವು ಬಂತು. ಮಳೆ ಬಿದ್ದ ಕೆಮ್ಮಣ್ಣಿನಲ್ಲಿ ಮುಂದಿನ ಪುಟ್ಟ ಚಕ್ರಗಳು ಹೂತವು. ಅದಾದ ಮೇಲೆ ಕಾಯಿ ಸುಲಿದ ಜಾಗ. ಅಲ್ಲಿ ಮಟ್ಟೆಯ ನಾರು ಅಚ್ಚಿಗೆ ಸುತ್ತಿಕೊಂಡು ಚಕ್ರ ನಿಂತೇ ಹೋಯಿತು. ನಮ್ಮ ಯಜಮಾನರು ಕುಡುಗೋಲು ತಂದು, ಎತ್ತಿನ ಗೊರಸಿಗೆ ಸಿಕ್ಕ ಹಗ್ಗ ಬಿಡಿಸೋ ಹಾಗೆ ಒಂದೊಂದೇ ಎಳೆ ಕೊಯ್ದು ತೆಗೆದರು. ಮೊಮ್ಮಗ ಇಳಿದು ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿದ. ಆ ಎರಡು ದಿನದಲ್ಲಿ ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೊಂದೇ ಸಲ.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಅಷ್ಟು ದೂರ ಕುಲುಕಿ ಬರೋ ಹೊತ್ತಿಗೆ ರಾಗಿ ಚೀಲ ಪಟ್ಟಿಯೊಳಗೇ ಜಾರಿ, ಮೇಲುಗಡೆ ಮುಂದಕ್ಕೆ ಮುದುರಿ ಕೂತಿತ್ತು. ಹಸುಗೂಸೂ ಹಾಗೇ. ಕತ್ತು ನಿಲ್ಲೋಕೆ ಮೂರು ನಾಲ್ಕು ತಿಂಗಳು ಬೇಕು, ಆಸರೆ ಇಲ್ಲದೆ ಕೂರೋಕೆ ಆರು ತಿಂಗಳ ಮೇಲೆ. ಓರೆಯಾಗಿ ಕೂರಿಸಿದರೆ ಗದ್ದ ಎದೆಗೆ ತಾಗಿ ಉಸಿರಾಟಕ್ಕೇ ತೊಂದರೆ. ಆದ್ದರಿಂದ ಗಾಡಿ ಯಾವುದೇ ಇರಲಿ, ಚಿಕ್ಕದರ ಸೀಟು ಪೂರ್ತಿ ಚಪ್ಪಟೆ ಮಲಗಬೇಕು. ಅಂಗಡಿಯಲ್ಲಿ ಬಣ್ಣ, ಕಪ್ ಇಡೋ ಜಾಗ, ಸೊಳ್ಳೆ ಪರದೆ ಎಲ್ಲ ತೋರಿಸ್ತಾರೆ, ಇದನ್ನ ನಾವೇ ಕೇಳಬೇಕು. ಧೂಳು, ದೃಷ್ಟಿ ಅಂತ ಮೇಲೆ ಸೀರೆ ಹೊದಿಸಿ ಮುಚ್ಚೋ ಅಭ್ಯಾಸ ನಮ್ಮದು. ಬಿಸಿಲಲ್ಲಿ ಅದನ್ನೂ ಮಾಡಬಾರದು, ಒಳಗೆ ಗಾಳಿಯಾಡದೆ ಶಾಖ ಏರುತ್ತೆ. ದೃಷ್ಟಿಗೆ ಕಪ್ಪು ಬೊಟ್ಟು ಸಾಕು.

ಮಾರನೇ ದಿನ ತಿಪಟೂರಿನ ಬಿ.ಎಚ್. ರಸ್ತೆ. ಪಾದಚಾರಿ ದಾರಿ ಕನಿಷ್ಠ 1.8 ಮೀಟರ್ ಬಿಡುವಾಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂಚನೆ ಇದೆ. ಜೋಡಿ ಗಾಡಿಗೆ ಧಾರಾಳ ಆಯ್ತು. ಆದರೆ ಆ ಜಾಗದಲ್ಲಿ ಬೈಕು, ಎಳನೀರಿನ ರಾಶಿ, ಅಂಗಡಿಯವರ ಬೋರ್ಡು, ನಡುವೆ ಕಲ್ಲು ಎದ್ದ ಮೋರಿ. ಹತ್ತು ಮಾರು ಹೋಗೋದರೊಳಗೆ ರಸ್ತೆಗೆ ಇಳಿದೆವು, ಹಿಂದೆ ಕೊಬ್ಬರಿ ಲಾರಿ ಹಾರನ್. ಮೊಮ್ಮಗನನ್ನು ಎತ್ತಿ ನಾನು ಸೊಂಟಕ್ಕೆ ಹಾಕಿಕೊಂಡೆ, ಮಗಳು ರಾಗಿ ಚೀಲವನ್ನು ತಳ್ಳಿಕೊಂಡು ಬಂದಳು. ನೋಡಿದವರು ಏನಂದುಕೊಂಡರೋ.

ಅಲ್ಲಿಗೆ ನಾನು ಗೆದ್ದೆ ಅಂದುಕೊಂಡೆ. ರಾತ್ರಿ ಮಗಳು ನಿಧಾನಕ್ಕೆ ಬಾಯಿ ಬಿಟ್ಟಳು.

ಮೊದಲನೆಯದು ಸಿಸೇರಿಯನ್. ಎರಡನೆಯದೂ ಹಾಗೇ ಆಗಬಹುದು ಅಂದಿದ್ದಾರೆ. ಇದೇನು ಅವಳೊಬ್ಬಳ ಕಥೆ ಅಲ್ಲ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 31ರಷ್ಟು ಸಿಸೇರಿಯನ್. ಹೊಲಿಗೆ ಮಾಯೋ ತನಕ, ಸುಮಾರು ಆರು ವಾರ, ಹುಟ್ಟಿದ ಮಗುವಿಗಿಂತ ಭಾರದ್ದು ಎತ್ತಬೇಡ ಅಂತಾರೆ. ಹನ್ನೆರಡು ಕೆಜಿ ಹುಡುಗ ದಾರಿಯಲ್ಲಿ ಕೂತು "ಎತ್ಕೋ" ಅಂದರೆ ಏನು ಮಾಡೋದು? "ಗಾಡಿಗಾದ್ರೆ ತಾನೇ ಹತ್ತಿ ಕೂರ್ತಾನಮ್ಮ" ಅಂದಳು. ಈ ಒಂದು ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಲ್ಲಿ ಲಿಫ್ಟಿದೆ, ಅಪಾರ್ಟ್‌ಮೆಂಟಿನ ಒಳರಸ್ತೆಗೆ ಹೊಸ್ತಿಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಅಳಿಯಂದಿರು ಹೋದರೆ ಸಂಜೆ ಏಳರ ತನಕ ಮನೇಲಿ ಎರಡೇ ಕೈ. ಒಂದು ಮಗು ಎದೆಗೆ ಕಟ್ಟಿಕೊಂಡು ಇನ್ನೊಂದರ ಕೈ ಹಿಡಿದುಕೊಂಡರೆ ಆಯ್ತಲ್ಲ ಅಂದೆ. ದೊಡ್ಡವನು ಕೈ ಬಿಡಿಸಿಕೊಂಡು ಗೇಟಿನ ಕಡೆ ಓಡಿದರೆ ಎದೆಗೆ ಮಗು ಕಟ್ಟಿಕೊಂಡವಳು ಹೇಗೆ ಓಡ್ತಾಳೆ ಅಂತ ಕೇಳಿದಳು.

ಹಿಂದೆಮುಂದೆ ಸೀಟಿನ ಗಾಡಿಯೇ ಇಂಥ ಮನೆಗೆ ವಾಸಿ ಅಂತ ನನಗೂ ಅನ್ನಿಸಿತು. ಅಗಲ ಎರಡಡಿ ಆಸುಪಾಸು, ನಮ್ಮ ತಲೆಬಾಗಿಲಲ್ಲೂ ನುಗ್ಗುತ್ತೆ. ಭಾರದ ಮಗು ಒಂದು ಕಡೆಗೆ ಎಳೆಯಲ್ಲ. ಅದಕ್ಕೂ ಐಬುಗಳಿವೆ. ಉದ್ದ ಜಾಸ್ತಿ, ಸಣ್ಣ ಲಿಫ್ಟಲ್ಲಿ ತಿರುಗಲ್ಲ. ಮುಂದೆ ದೊಡ್ಡವನು ಕೂತರೆ ಮೆಟ್ಟಿಲು ಸಿಕ್ಕಾಗ ಮುಂಚಕ್ರ ಎತ್ತೋಕೆ ಹಿಡಿಯ ಮೇಲೆ ಪೂರ್ತಿ ಮೈಭಾರ ಹಾಕಬೇಕು. ಅವನು ಇಳಿದ ಕೂಡಲೇ, ಹಿಡಿಗೆ ತರಕಾರಿ ಚೀಲ ನೇತುಹಾಕಿದ್ದರೆ, ಗಾಡಿ ಹಿಂದಕ್ಕೆ ಮಗುಚುತ್ತೆ. ಹಿಂದಿನ ಸೀಟಿನ ಮಗುವಿಗೆ ಎದುರಿಗೆ ಕಾಣೋದು ಅಣ್ಣನ ಸೀಟಿನ ಬೆನ್ನು. ಒಂಟಿ ಗಾಡಿಗೇ ಹಿಂದೆ ದೊಡ್ಡ ಮಗು ನಿಲ್ಲೋ ಹಲಗೆ ಸಿಗಿಸೋದೂ ಇದೆ. ಕಮ್ಮಿ ಖರ್ಚು. ಆದರೆ ನಿಂತುಕೊಂಡೇ ನಿದ್ದೆ ಹೋಗೋ ವಯಸ್ಸಿನವನಿಗೆ ಅದು ಆಗಲ್ಲ.

ದುಡ್ಡಿನ ಮಾತು ಬಂದಾಗ ನಮ್ಮಲ್ಲಿ ಅಳತೆ ಕೊಬ್ಬರಿಯದು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಇಲ್ಲಿ ಸಿಗೋ ಒಂದು ಸಾಧಾರಣ ಡಬಲ್ ಗಾಡಿಗೆ ಹೆಚ್ಚೂಕಮ್ಮಿ ಅಷ್ಟೇ ಬೀಳುತ್ತೆ. ಪರದೇಶದ ಹೆಸರಿನದಾದರೆ ಅದರ ನಾಲ್ಕೈದು ಪಟ್ಟು. ಒಂದು ಕ್ವಿಂಟಾಲ್ ಅಂದರೆ ಆರೇಳುನೂರು ಕಾಯಿ, ಅಟ್ಟದ ಮೇಲೆ ವರ್ಷ ಹತ್ತಿರ ನೆರಳಲ್ಲಿ ಒಣಗಬೇಕು. ಎರಡು ಮಕ್ಕಳೂ ಒಟ್ಟಿಗೆ ಆ ಗಾಡೀಲಿ ಕೂರೋದೂ ಹೆಚ್ಚೆಂದರೆ ಒಂದು ವರ್ಷ. ಮೂರು ತುಂಬಿದವನು ಅಂಗನವಾಡಿಗೆ ತಾನೇ ನಡೀತಾನೆ. ಎರಡು ಮಕ್ಕಳ ನಡುವೆ ಮೂರು ವರ್ಷ ಅಂತರ ಇರಲಿ ಅಂತ ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ಹೇಳೋದು ತಾಯಿಯ ರಕ್ತಕ್ಕಾಗಿ. ಕೇಳಿದ್ದರೆ ಗಾಡಿಯ ದುಡ್ಡೂ ಉಳೀತಿತ್ತು ಅಂತ ಮಗಳಿಗೆ ಹೇಳೋಕೆ ಹೋಗಿ ನಾಲಿಗೆ ಕಚ್ಚಿಕೊಂಡೆ.

ಲಸಿಕೆಗೆ ಹೋಗಬೇಕಲ್ಲ, ಆರು, ಹತ್ತು, ಹದಿನಾಲ್ಕನೇ ವಾರ. ಮೊದಲೆರಡು ಇಲ್ಲಿದ್ದಾಗಲೇ ಬರೋವು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದ ಮೇಲೆ ನಮಗೆ ಟಿಕೆಟ್ಟಿನ ಚಿಂತೆ ಇಲ್ಲ, ಆದರೆ ಕೆಂಪು ಬಸ್ಸಿನ ಮೆಟ್ಟಿಲಿಗೆ ಡಬಲ್ ಗಾಡಿ ಹತ್ತಿಸೋಕೆ ಜೊತೆಗೊಬ್ಬರು ಬೇಕೇ ಬೇಕು. ಹಾಗೆ ಒಬ್ಬರು ಇದ್ದರೆ ಗಾಡಿಯೇ ಬೇಡವಲ್ಲ! ನಮ್ಮ ಯಜಮಾನರ ಪ್ರಕಾರ ಇಷ್ಟೆಲ್ಲ ಯಾಕೆ, ಟಿವಿಎಸ್ ಇದೆ. ದೊಡ್ಡವನು ಮುಂದೆ ನಿಲ್ತಾನೆ, ಮಗು ತಾಯಿ ತೊಡೆ ಮೇಲೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ಟು, ಸವಾರರಿಗೆ ಬಿಗಿಯೋ ಪಟ್ಟಿ, 40 ಕಿಲೋಮೀಟರ್ ವೇಗ ಮೀರಬಾರದು ಅಂತ ಕೇಂದ್ರ 2022ರಲ್ಲೇ ನಿಯಮ ಮಾಡಿದೆ. ಅದನ್ನು ಓದಿ ಹೇಳಿದೆ. "ನಾನು 40 ಯಾವತ್ತು ಮೀರಿದ್ದೀನಿ" ಅಂದರು.

ಈ ಗಾಡಿಗಳ ಹುಟ್ಟು ಹುಡುಕಿದಾಗ ಒಂದು ಸಂಗತಿ ಇಷ್ಟವಾಯಿತು. 1733ರಲ್ಲಿ ಇಂಗ್ಲೆಂಡಿನ ವಿಲಿಯಂ ಕೆಂಟ್ ಒಬ್ಬ ಡ್ಯೂಕನ ಮಕ್ಕಳಿಗೆ ಚಿಪ್ಪಿನಾಕಾರದ ಬಂಡಿ ಮಾಡಿದನಂತೆ, ಎಳೆಯೋಕೆ ಮೇಕೆಯೋ ಕುದುರೆಮರಿಯೋ. ಅದು ದೊಡ್ಡವರ ಮನೆಯ ಆಟ. ಇವತ್ತಿನ ಮಡಚೋ ಗಾಡಿ ಮಾಡಿದವನು ಓವನ್ ಮೆಕ್ಲಾರೆನ್, 1965ರಲ್ಲಿ. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಾಲುಗಳ ಕೆಲಸ ಮಾಡಿದ್ದ ಎಂಜಿನಿಯರ್. ಮಗಳು ಮೊಮ್ಮಗುವನ್ನು ಮಣಭಾರದ ಗಾಡೀಲಿ ಹಾಕಿಕೊಂಡು ಒದ್ದಾಡೋದು ನೋಡಲಾರದೆ, ಅಲ್ಯುಮಿನಿಯಂ ಕೊಳವೆಯಲ್ಲಿ ಮೂರು ಕೆಜಿಗೂ ಕಮ್ಮಿ ತೂಕದ್ದೊಂದು ಕಟ್ಟಿಕೊಟ್ಟ. ಅಜ್ಜ ಮಗು ಎತ್ತಿಕೊಳ್ಳೋ ಬದಲು ಗಾಡಿ ಮಾಡಿದ. ಅವನನ್ನ ಬೈಯಬೇಕೋ ಹೊಗಳಬೇಕೋ, ನಮ್ಮತ್ತೆಯನ್ನೇ ಕೇಳಬೇಕು.

ಹೊರಡೋ ದಿನ ಮಗಳಿಗೆ ನನ್ನ ಅಭಿಪ್ರಾಯ ಹೇಳಿದೆ. ತೋಟಕ್ಕೆ ಗಾಡಿ ಬೇಡ. ಇಲ್ಲಿ ಜೋಲಿ ಕಟ್ಟೋಕೆ ತೊಲೆ ಇದೆ, ದೊಡ್ಡವನಿಗೆ ಅಜ್ಜನ ಹೆಗಲಿದೆ. ಕಾಯಿ ಬೀಳೋ ಮರದಡಿ ಗಾಡಿ ನಿಲ್ಲಿಸಿ ಮರೆತರೆ ಅದು ಬೇರೆ ಅಪಾಯ. ಬೆಂಗಳೂರಿಗೆ ಬೇಕು. ಹಿಂದೆಮುಂದೆಯದು, ಒಂದು ಸೀಟು ಚಪ್ಪಟೆ ಮಲಗೋದು, ಯಾರಾದರೂ ಬಳಸಿ ಬಿಟ್ಟದ್ದಾದರೆ ಬ್ರೇಕು, ಬೆಲ್ಟು ನೋಡಿ ತಗೋ. ಹೊಸದಕ್ಕೆ ಕ್ವಿಂಟಾಲ್ ಕೊಬ್ಬರಿ ಸುರಿಯಬೇಡ.

ಅವಳು ಮಗನ ಚಪ್ಪಲಿ ಹುಡುಕ್ತಾ ಇದ್ದಳು. ತಲೆ ಎತ್ತದೆ ಕೇಳಿದಳು, "ಬಾಣಂತನ ಮುಗಿಸಿ ಹೋಗುವಾಗ ನೀನೂ ಬಾ. ಎಷ್ಟು ದಿನ ಇರ್ತೀಯ?"

"ಹದಿನೈದು ದಿನ. ಆಮೇಲೆ ಕಾಯಿ ಕೆಡವಿಸಬೇಕಲ್ಲ."

ಹೂಂ ಅಂದಳು. ಫೋನ್ ತೆಗೆದು ಗಾಡಿಗಳ ಚಿತ್ರ ಮತ್ತೆ ನೋಡೋಕೆ ಶುರು ಮಾಡಿದಳು.